ಪಿಟೀಲಿಗೆ ಹಲಗೆ ಹುಡುಕಿದ್ದು

ನಿಜಾಮನ ಸೀಮೆಯಲ್ಲಿ ಗದ್ದಲವೆದ್ದ ವರ್ಷ ಭೀಮಾ ಹೊಳೆ ದಾಟಿ ಇಂಡಿ ತಾಲೂಕಿನ ಕಡೆ ಹೋಗದೆ ಮಣ್ಣೂರಿನಲ್ಲೇ ಉಳಿದ ಮಳ್ಳರಲ್ಲಿ ನಾನೂ ಒಬ್ಬ. ಮನೆಮಂದಿಯೆಲ್ಲ ಹೋದರು. ಬಸುರಿ ಹೆಂಡತಿಯೂ ಆಚೆ ದಡದ ತವರಿಗೆ ಹೋದಳು. ಮನೆ ಕಾಯಲು ಒಬ್ಬ ಬೇಕಲ್ಲ, ಸಿಕ್ಕವನು ನಾನು. ಆಮೇಲೆ ಹೊಳೆಗೆ ಪಹರೆ ಬಿತ್ತು, ಸುದ್ದಿಯೂ ನಿಂತಿತು. ಅವಳು ಹಡೆದಳೋ ಇಲ್ಲವೋ, ಇದ್ದಾಳೋ ಇಲ್ಲವೋ, ಏನೂ ತಿಳಿಯದು. ರೊಟ್ಟಿ ಸೀದರೆ ಬೈಯಲೂ ಒಂದು ಜೀವವಿರಲಿಲ್ಲ.

ಅಫಜಲಪುರದಲ್ಲಿ ನನಗೆ ಪಿಟೀಲು ಕಲಿಸುತ್ತಿದ್ದ ಮಾಸ್ತರೂ ವಾದ್ಯ ಬಗಲಲ್ಲಿಟ್ಟುಕೊಂಡು ಊರು ಬಿಟ್ಟಿದ್ದರು. ಮನೆಯ ಕೀಲಿ ಮಾತ್ರ ನನಗೆ ಕೊಟ್ಟಿದ್ದರು. ಮನೆಯೊಳಗೆ ಏನಾದರೂ ಸಪ್ಪಳ ಬೇಕಾಗಿತ್ತು ನನಗೆ. ನಾನೇ ಒಂದು ಪಿಟೀಲು ಮಾಡಿಬಿಡುತ್ತೇನೆ ಎಂದು ಹಟ ಹಿಡಿದೆ.

ಮಾಸ್ತರಿಗೊಂದು ನೇಮವಿತ್ತು. ಮೊಳೆಯಿಂದ ಪಿಟೀಲು ಇಳಿಸಿದರೆ ಬಾರಿಸದೆ ಮತ್ತೆ ತೂಗುಹಾಕುತ್ತಿರಲಿಲ್ಲ. ಅದಕ್ಕೇ ಸುಣ್ಣ ಬಳಿಯುವಾಗಲೂ ಅದನ್ನು ಇಳಿಸದೆ ಸುತ್ತಲೂ ಬಳಿಸುತ್ತಿದ್ದರು. ವಾದ್ಯ ಹೋಗಿದ್ದರೂ ಗೋಡೆಯ ಮೇಲೆ ಅದರ ಆಕಾರ ಕಂದಾಗಿ ಉಳಿದಿತ್ತು. ಹಳೆಯ ಧೋತರವನ್ನು ಅದರ ಮೇಲೆ ಹಿಡಿದು, ಇದ್ದಿಲಿನಿಂದ ಗೆರೆ ಎಳೆದು ತಂದೆ. ಭಾರೀ ಜಾಣನಾದೆ ಎಂದುಕೊಂಡೆ.

ನಮ್ಮೂರ ಬಡಿಗ ಕಾಕಾ ಅದನ್ನು ನೆಲಕ್ಕೆ ಹಾಸಿ ನಕ್ಕರು. "ಇದೇನ್ ತಮ್ಮಾ? ಪಿಟೀಲೋ ಕುಂಬಳಕಾಯೋ?"

ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಅವರು ಹೇಳಿದ್ದು ಖರೆ. ಮಾಸ್ತರು ಪಿಟೀಲಿಗೆ ದಪ್ಪ ಕೌದಿಯ ಗವಸು ಹಾಕಿ ತೂಗುಹಾಕುತ್ತಿದ್ದರು. ನಾನು ಬರೆದು ತಂದದ್ದು ಗವಸನ್ನು! ಕೊನೆಗೆ ಕಾಲು ಚಾಚಿ ಕುಳಿತು, ಬಾರಿಸುವಾಗ ಎದೆಯಿಂದ ಪಾದದವರೆಗೆ ವಾದ್ಯ ಹೇಗೆ ಇರುತ್ತಿತ್ತೆಂದು ತೋರಿಸಿದೆ. ಕಾಕಾ ದಾರ ಹಿಡಿದು ನನ್ನ ಮೈಯನ್ನೇ ಅಳೆದರು.

ಬಂಡಿ ಮಾಡುವ ಕೈ ಅವರದು, ಮೊದಲು ಜಾಲಿಯ ತುಂಡನ್ನೇ ಎತ್ತಿದರು.

"ಗಾಲಿ ಮಾಡಾಕತ್ತೇವೇನ್ರಿ ಕಾಕಾ?" ಎಂದು ರೇಗಿದೆ.

ಆಮೇಲೆ ಇಬ್ಬರೂ ನಮ್ಮ ಮನೆಯೆಲ್ಲ ತಟ್ಟುತ್ತ ಬಂದೆವು. ಬಾಗಿಲು, ಮಂಚ, ಜೋಳದ ಪೆಟ್ಟಿಗೆ, ಎಲ್ಲ ಬರೀ ಡಬ್ ಡಬ್. ಅಟ್ಟದ ಮಾವಿನ ಹಲಗೆ ಪರವಾಗಿಲ್ಲ ಅನ್ನಿಸಿತು. ಮೂಲೆಯಲ್ಲಿದ್ದ ತೊಟ್ಟಿಲಿನ ಹಲಗೆಗೆ ಬೆರಳು ತಾಗಿಸಿದೆ ನೋಡಿ, ಅಬ್ಬಾ, ಎಂಥ ದನಿ! ಅಪ್ಪನನ್ನೂ ನನ್ನನ್ನೂ ತೂಗಿದ ಹಳೆಯ ಸಾಗವಾನಿ ಅದು.

"ಇದನ್ನ ಕೊಯ್ರಿ."

"ಹುಚ್ಚ ಹಿಡದೈತೇನು ತಮ್ಮಾ? ಮನ್ಯಾಗ ಬಸರ ಹೆಣ್ಮಗಳು ಇದ್ದಾಗ ತೊಟ್ಟಿಲಕ್ಕ ಗರಗಸ ಹಚ್ಚಂಗಿಲ್ಲ."

"ಎಲ್ಲಿ ಅದಾಳ್ರಿ ಮನ್ಯಾಗ? ಯಾರೂ ಇಲ್ಲ, ಯಾರೂ ಬರಂಗಿಲ್ಲ! ಕೊಯ್ರಿ ನೀವು!"

ಬಾಯಿಂದ ಬಿದ್ದ ಮೇಲೆ ಆ ಮಾತು ನನಗೇ ಕೇಳಿಸಿತು. ಅಷ್ಟು ದಿನ ನನಗೆ ನಾನೇ ಹೇಳಿಕೊಳ್ಳಲು ಹೆದರಿದ್ದನ್ನು ಕೂಗಿ ಹೇಳಿದ್ದೆ. ಅಲ್ಲೇ ಕುಳಿತು ಅತ್ತೆ. ಕಾಕಾ ಸಮಾಧಾನ ಮಾಡಲಿಲ್ಲ. ಗರಗಸ ಚೀಲಕ್ಕೆ ಹಾಕಿಕೊಂಡು, ನಿಚ್ಚಣಿಕೆ ಹತ್ತಿ, ಅಟ್ಟದ ಮಾವಿನ ಹಲಗೆ ಇಳಿಸಿದರು.

ಆ ಹಲಗೆಯಿಂದಾದ ಪಿಟೀಲಿನ ದನಿ ನೆಗಡಿ ಬಂದವರದು. ಆದರೂ ದಿನಾ ಬಾರಿಸಿದೆ.

ಗದ್ದಲ ಮುಗಿದು ಹೊಳೆ ದಾರಿ ತೆರೆದಾಗ ಹೆಂಡತಿ ಬಂದಳು. ಕಂಕುಳಲ್ಲಿ ಮಗಳು, ಆಗಲೇ ಎರಡು ಹಲ್ಲು. ತೊಟ್ಟಿಲಲ್ಲಿ ಕೂರಿಸಿದರೆ ಅಂಚು ಹಿಡಿದು ಎದ್ದು ನಿಂತಿತು. ಎತ್ತಿಕೊಳ್ಳಲು ಕೈ ಚಾಚಿದೆ. ನನ್ನನ್ನು ನೋಡಿ ಕಿಟಾರನೆ ಕಿರುಚಿ ತಾಯಿಯ ಸೆರಗು ಹಿಡಿಯಿತು.

"ಅಳಬ್ಯಾಡ ಬೇ, ನಿಮ್ಮಪ್ಪ ಅವರು," ಅಂದಳು ಹೆಂಡತಿ.

ಕೂಸು ನಂಬಲಿಲ್ಲ.