ಅಕ್ಕನ ಬ್ಲೂಬೆರಿಗೆ ನಾನು ಹಾಕದ ನೀರು

ನಾನು ತರಕಾರಿಯ ಕೋಲ್ಡ್ ಸ್ಟೋರಿನಲ್ಲಿ ಲೋಡಿಂಗ್ ಕೆಲಸದವನು. ಒಳಗೆ ಹಲ್ಲು ಕಟಕಟಿಸುವ ಚಳಿ, ಬಾಗಿಲು ದಾಟಿದರೆ ದೋಹಾದ ಬಿಸಿಲು. ಇದು ಯಾವ ಕಾಲ ಎಂದು ನನ್ನ ಮೈ ಕೇಳುವುದನ್ನು ಬಿಟ್ಟು ಬಹಳ ದಿನವಾಯಿತು. ಶುಕ್ರವಾರ ಮಾತ್ರ ಬರ್ವಾ ಅಲ್ ಬರಾಹಾದ ಕಾರ್ಮಿಕರ ರೂಮಿನಿಂದ ಬಸ್ಸು ಹಿಡಿದು ಅಕ್ಕನ ಮನೆಗೆ ಊಟಕ್ಕೆ ಹೋಗುತ್ತೇನೆ. ಅಕ್ಕ, ಭಾವ ಇರುವುದು ಅಲ್ ಸದ್ದ್‌ನ ಒಂದು ಓಣಿಯಲ್ಲಿ, ಹಳೆಯ ವಿಲ್ಲಾವನ್ನು ತುಂಡು ತುಂಡು ಮಾಡಿ ಬಾಡಿಗೆಗೆ ಕೊಟ್ಟ ಮನೆಯಲ್ಲಿ. ಅವರ ಪಾಲಿಗೆ ಎರಡು ಚಾಪೆ ಹಾಸುವಷ್ಟು ಅಂಗಳ ಸಿಕ್ಕಿದೆ.

ಆ ಅಂಗಳದಲ್ಲಿ ಅಕ್ಕ ಬ್ಲೂಬೆರಿ ಸಾಕಿದಳು. ಬೆಳೆಸಿದಳು ಎಂದರೆ ಸಾಲದು. ಆಳೆತ್ತರ ಬೆಳೆಯುವ ಜಾತಿಯ ಪೊದೆ ಅದು. ಅದಕ್ಕೆ ಹುಳಿ ಮಣ್ಣೇ ಆಗಬೇಕು, ನಲ್ಲಿ ನೀರು ಆಗದು. ಅಕ್ಕ ಏಸಿಯ ಪೈಪಿನ ಕೆಳಗೆ ಬಾಲ್ದಿ ಇಟ್ಟು, ತೊಟ್ಟಿಕ್ಕುವ ನೀರನ್ನು ಕ್ಯಾನಿನಲ್ಲಿ ತುಂಬಿಡುತ್ತಿದ್ದಳು. ಬೇಸಿಗೆಯಲ್ಲಿ ಗಿಡದ ಕುಂಡವನ್ನು ಒಳಗೆ ಹಾಲ್‌ನ ಕಿಟಕಿಯ ಹತ್ತಿರ ಎಳೆದು ತರುತ್ತಿದ್ದಳು. ಆಗ ಸೋಫಾಕ್ಕೆ ಜಾಗವಿಲ್ಲ. ವೆಸ್ಟ್ ಬೇಯ ಆಫೀಸಿನಿಂದ ಬಂದ ಭಾವ ನೆಲದಲ್ಲಿ ಕೂತು ಟೀವಿ ನೋಡುತ್ತಿದ್ದರು.

"ಅಂಗಡಿಯಲ್ಲಿ ಡಬ್ಬಿ ಡಬ್ಬಿ ಸಿಗ್ತದೆ ಮಾರಾಯ," ಎನ್ನುತ್ತಿದ್ದರು ನನ್ನ ಹತ್ತಿರ. "ನಿನ್ನ ಅಕ್ಕನಿಗೆ ಅದು ಬೇಡ. ನನ್ನನ್ನು ನೆಲಕ್ಕೆ ಕೂರಿಸಿ ಇದನ್ನೇ ಸಾಕಬೇಕು."

"ಡಬ್ಬಿಯದ್ದು ನೀವೇ ತಿನ್ನಿ. ಇದರಲ್ಲಿ ಹಣ್ಣಾದಾಗ ಕೈ ಚಾಚ್ಲಿಕ್ಕೆ ಬರ್ಬೇಡಿ, ಆಯ್ತಾ," ಎನ್ನುತ್ತಿದ್ದಳು ಅಕ್ಕ.

ಊರಿನಲ್ಲಿ ಅಕ್ಕನ ಕೈಗುಣ ಹೆಸರಾಗಿತ್ತು. ನೆರೆಮನೆಯವರು ಸೌತೆಬೀಜ ಹಾಕುವಾಗ ಮೊದಲ ಬೀಜವನ್ನು ಅವಳ ಕೈಯಲ್ಲೇ ಹಾಕಿಸುತ್ತಿದ್ದರು. ನಾನು ಏಳನೆಯ ಕ್ಲಾಸಿಗೇ ಶಾಲೆ ಬಿಟ್ಟೆ. ಅವಳು ಓದಿದಳು, ಇಲ್ಲಿ ಆಫೀಸು ಸೇರಿದಳು. ಆ ಆಫೀಸು ಮುಚ್ಚಿ ಮನೆಯಲ್ಲಿ ಉಳಿದಾಗಲೂ ಅವಳು ಅದಕ್ಕಾಗಿ ಕೊರಗಿದ್ದನ್ನು ನಾನು ಕಾಣೆ. ತನ್ನ ಕೈಯಲ್ಲಿ ಗಿಡ ಏಳುತ್ತದೆ ಎಂಬ ಒಂದು ನಂಬಿಕೆ ಅವಳಿಗೆ ಸಾಕಿತ್ತು.

ಪೊದೆ ಚೆನ್ನಾಗಿ ಚಿಗುರಿತು, ಹೂ ಮಾತ್ರ ಬಿಡಲಿಲ್ಲ. ಹೂ ಬಿಡಬೇಕಾದರೆ ಅದು ಕೆಲವು ವಾರ ಒಳ್ಳೆಯ ಚಳಿಯಲ್ಲಿ ಎಲೆ ಉದುರಿಸಿ ಮಲಗಬೇಕು ಎಂದು ಅಕ್ಕ ಫೋನಿನಲ್ಲಿ ನೋಡಿ ತಿಳಿದುಕೊಂಡಳು. ಇಲ್ಲಿನ ಡಿಸೆಂಬರ್ ಅದಕ್ಕೆ ಎಲ್ಲಿ ಸಾಕು?

"ನಿನ್ನ ಕೋಲ್ಡ್ ರೂಮು ಉಂಟಲ್ವಾ ತಮ್ಮ?" ಎಂದಳು.

ಸೂಪರ್‌ವೈಸರನ್ನು ಕೇಳಿದೆ. ಅವನು ನಾನು ಹೊತ್ತು ತಂದ ಕುಂಡವನ್ನೂ ನನ್ನನ್ನೂ ನೋಡಿ, "ಇದಕ್ಕೆ ವೀಸಾ ಆಗಿದೆಯಾ?" ಎಂದು ನಕ್ಕ. "ಸೊಪ್ಪಿನ ರೂಮಿನ ಮೂಲೆಯಲ್ಲಿ ಇಡು. ದಾರಿಗೆ ಅಡ್ಡ ಬಂತೋ, ಖಲಾಸ್."

ನನಗಿದ್ದದ್ದು ಒಂದೇ ಕೆಲಸ. ಅಲ್ಲಿನ ಫ್ಯಾನಿನ ಗಾಳಿಗೆ ಮಣ್ಣು ಒಣಗುತ್ತದೆ, ವಾರಕ್ಕೊಮ್ಮೆ ಒಂದು ಚೊಂಬು ನೀರು ಹಾಕಬೇಕು. ಅಕ್ಕ ಏಸಿ ನೀರಿನ ಕ್ಯಾನನ್ನೂ ಕೊಟ್ಟು ಕಳಿಸಿದ್ದಳು. ಕ್ಯಾನನ್ನು ರೂಮಿನಲ್ಲಿಟ್ಟು, ಮೊದಮೊದಲು ಬಾಟಲಿಯಲ್ಲಿ ಒಯ್ದು ಹಾಕಿದೆ. ಆಮೇಲೆ ಸರಕು ಜಾಸ್ತಿಯಾಯಿತು. ಕುಂಡದ ಮುಂದೆ ಲೆಟ್ಯೂಸಿನ ಪೆಟ್ಟಿಗೆಗಳ ಗೋಡೆ ಎದ್ದಿತು. ಅದನ್ನು ಸರಿಸಿ ಒಳಗೆ ಹೋಗಬೇಕು. ಶಿಫ್ಟು ಮುಗಿಯುವ ಹೊತ್ತಿಗೆ ನನ್ನ ಬೆರಳು ಮಡಚುತ್ತಿರಲಿಲ್ಲ. ನಾಳೆ ಎಂದುಕೊಂಡೆ. ಮರುದಿನವೂ ನಾಳೆ ಎಂದೆ. ಎಲೆಯಿಲ್ಲದ ಕಡ್ಡಿ, ಬಾಯಾರಿಕೆ ಎಂದು ಅದು ಕೇಳುತ್ತದೆಯೇ?

ಅಕ್ಕ ಫೋನು ಮಾಡುತ್ತಿದ್ದಳು. "ನೀರು ಹಾಕಿದ್ಯಾ?"

"ಹಾಕಿದ್ದೇನೆ."

"ಮಲಗಿದ್ಯಾ ಅದು?"

"ಗೊರಕೆ ಹೊಡೀತಾ ಉಂಟು."

ಅವಳು ನಗುತ್ತಿದ್ದಳು. ನಾನೂ ನಗುತ್ತಿದ್ದೆ.

ಕುಂಡ ಹಿಂದಕ್ಕೆ ಒಯ್ಯುವ ದಿನ ಬಂತು. ನನ್ನ ಮಂಚದ ಕೆಳಗಿನ ಕ್ಯಾನಿನಲ್ಲಿ ನೀರು ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು. ಅದನ್ನು ಬಚ್ಚಲಿಗೆ ಸುರಿದು, ಖಾಲಿ ಕ್ಯಾನು ಹಿಡಿದುಕೊಂಡು ಹೋದೆ. ಹಾಕದೆ ಇದ್ದದ್ದು ಆಯಾಸದಿಂದ ಎಂದು ಹೇಳಬಹುದು. ಸುರಿದದ್ದಕ್ಕೆ ಹೇಳಲು ಏನೂ ಇಲ್ಲ.

ಮಲಗಿದ ಪೊದೆಯೂ ಸತ್ತ ಪೊದೆಯೂ ನೋಡಲು ಒಂದೇ ರೀತಿ. ಉಗುರಿನಿಂದ ತೊಗಟೆ ಗೀರಿದರೆ ಒಳಗೆ ಹಸಿರು ಕಾಣಬೇಕು. ಅದನ್ನು ಒಯ್ಯುವ ಮೊದಲು ನಾನು ಗೀರಿ ನೋಡಿದ್ದೆ. ಕಂದು ಬಣ್ಣವಿತ್ತು. ಅಕ್ಕ ಗೀರಲಿಲ್ಲ. ಅಂಗಳದಲ್ಲಿಟ್ಟು ನೀರು ಹಾಕುತ್ತಾ ಕಾದಳು. ಪ್ರತಿ ಶುಕ್ರವಾರ ನನಗೆ ಬಡಿಸಿ, ಹೋಗಿ ಒಂದು ಸಲ ಅದನ್ನು ನೋಡಿ ಬರುತ್ತಿದ್ದಳು. ನಾನು ತಲೆ ತಗ್ಗಿಸಿ ಉಣ್ಣುತ್ತಿದ್ದೆ. ಬಿಸಿಲು ಬಲಿತ ಮೇಲೆ ಒಂದು ದಿನ ನೋಡಿದರೆ, ಪೊದೆಯ ಜಾಗದಲ್ಲಿ ಬರೀ ಮಣ್ಣು ತುಂಬಿದ ಕುಂಡ.

ಸ್ವಲ್ಪ ದಿನದ ಮೇಲೆ ಊರಿನಿಂದ ಬಂದ ಯಾರೋ ಭಾವನಿಗೆ ಬಸಳೆಯ ದಂಟು ಕೊಟ್ಟಿದ್ದರು. ಊಟವಾದ ಮೇಲೆ ಅಕ್ಕ ಅದನ್ನು ತಂದು ನನ್ನ ಮುಂದೆ ಹಿಡಿದಳು.

"ಇದನ್ನು ನೀನೇ ನೆಡು."

"ನಾನ್ಯಾಕೆ? ನೀನು ನೆಡು."

"ಬೇಡ. ನನ್ನ ಕೈಗುಣ ಹೋಯ್ತು. ನೀನು ಅಲ್ಲಿ ಅಷ್ಟು ಚಂದ ನೋಡಿಕೊಂಡು ತಂದುಕೊಟ್ಟೆ. ನನ್ನ ಕೈಗೆ ಬಂದು ಸತ್ತಿತು."

ದಂಟು ನನ್ನ ಕೈಗೆ ಬಂತು. ಬಸಳೆ ಯಾರು ನೆಟ್ಟರೂ ಬದುಕುತ್ತದೆ, ನಾನು ನೆಟ್ಟರೂ ಬದುಕುತ್ತಿತ್ತು. ಅದು ಬದುಕಿದರೆ ಅವಳ ಮಾತೇ ನಿಜವಾಗಿಬಿಡುತ್ತಿತ್ತು.

"ನೀರು ಹಾಕ್ಲಿಲ್ಲ ಅಕ್ಕ," ಎಂದೆ. "ಅಲ್ಲೇ ಸತ್ತಿತ್ತು. ಕ್ಯಾನಿನ ನೀರು ಬಚ್ಚಲಿಗೆ ಸುರಿದೆ."

ಅವಳು ನನ್ನ ಮುಖವನ್ನೇ ನೋಡಿದಳು. "ಗೊರಕೆ ಹೊಡೀತದೆ ಅಂದೆಯಲ್ಲ?" ಎಂದಳು. ಬೈಯಲಿಲ್ಲ. ನನ್ನ ಕೈಯಿಂದ ದಂಟನ್ನು ಕಿತ್ತುಕೊಂಡು ಅಂಗಳಕ್ಕೆ ಹೋದಳು. ಅದೇ ಕುಂಡದ ಮಣ್ಣನ್ನು ಬೆರಳಿನಿಂದ ಅಗೆದು, ನೆಟ್ಟು, ಸುತ್ತ ಒತ್ತಿದಳು. ಪ್ರತಿ ಶುಕ್ರವಾರ ರಾತ್ರಿಯ ಊಟಕ್ಕೆಂದು ಅವಳು ಕಟ್ಟಿಕೊಡುತ್ತಿದ್ದ ಡಬ್ಬಿ ಆ ದಿನ ನನಗೆ ಸಿಗಲಿಲ್ಲ.

ಈಗ ಆ ಬಸಳೆ ಏಸಿಯ ಪೈಪು ಹಿಡಿದು ಮೇಲಿನ ಮನೆಯ ಕಿಟಕಿ ಮುಟ್ಟಿದೆ. ಅಕ್ಕ ಮಲ್ಲಿಗೆಯನ್ನೂ ಹಾಕಿದ್ದಾಳೆ. ಬ್ಲೂಬೆರಿ ಮತ್ತೆ ತರಲಿಲ್ಲ. ಶುಕ್ರವಾರದ ಊಟಕ್ಕೆ ಕರೆಯುತ್ತಾಳೆ, ಬಸಳೆ ಸಾರು ಬಡಿಸುತ್ತಾಳೆ, ಡಬ್ಬಿಯನ್ನೂ ಕಟ್ಟುತ್ತಾಳೆ. ಮೊದಲೆಲ್ಲ ಊರಿಗೆ ಹೋಗುವಾಗ ಗಿಡಗಳಿಗೆ ನೀರು ಹಾಕಲು ಮನೆಯ ಬೀಗದ ಕೈ ನನ್ನ ಹತ್ತಿರ ಬಿಟ್ಟು ಹೋಗುತ್ತಿದ್ದಳು. ಈ ಸಲ ಅದನ್ನು ಮೇಲಿನ ಮನೆಯವರಿಗೆ ಕೊಟ್ಟು ಹೋದಳು.