ಹಳ್ಳದ ದಂಡೆಗೆ ಗ್ರೀಸ್ ತಂದ ಮಾಸ್ತರರು

ನಮ್ಮ ಮಾಸ್ತರರ ಎರಡೂ ಹುಬ್ಬು ಮೂಗಿನ ಮೇಲೆ ಬಂದು ಕೂಡಿ ಒಂದೇ ಆಗಿದ್ದವು. ಕಂಬಳಿಹುಳ ಹಣೆಗೆ ಅಡ್ಡ ಮಲಗಿದ ಹಾಗೆ. ತಲೆಗೂದಲು ಪೂರ್ತಿ ಬೆಳ್ಳಗಾದರೂ ಆ ಹುಬ್ಬು ಮಾತ್ರ ಕರಿಯಾಗಿಯೇ ಉಳಿದಿತ್ತು. ಕಥೆ ಹೇಳುವಾಗ ಅದರ ನಡುಭಾಗ ಮೇಲೆ ಏಳುತ್ತಿತ್ತು. ಅದು ಎದ್ದಿತೆಂದರೆ ಕಥೆಯಲ್ಲಿ ಯಾರಿಗೋ ಆಪತ್ತು ಬಂತೆಂದು ನಮ್ಮ ಓಣಿಯ ಮಕ್ಕಳಿಗೆ ಮೊದಲೇ ತಿಳಿಯುತ್ತಿತ್ತು. ಒಂದರ ಅಂಗಿ ಒಂದು ಹಿಡಿದುಕೊಂಡು ಕೂಡುತ್ತಿದ್ದವು.

ನಾನು ಎರಡನೇ ಇಯತ್ತೆಗೇ ಶಾಲೆ ಬಿಟ್ಟವಳು. ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ಮೊನ್ನೆ ನನಗೆ ಎದೆಯಲ್ಲಿ ಹಿಡಿಸದಷ್ಟು ಸಂತೋಷವಾಯಿತು. ಅದನ್ನು ಮೊದಲು ಮಾಸ್ತರರಿಗೆ ಹೇಳಬೇಕಿತ್ತು, ಅವರು ಈಗ ಇಲ್ಲ. ಅದಕ್ಕೇ ಬರೆಯಲು ಕುಳಿತಿದ್ದೇನೆ.

ಮಾಸ್ತರರು ಆಳಂದ ಕಡೆಯವರು. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಲು ನೆಲೋಗಿಗೆ ಬಂದವರು, ಹೆಂಡತಿಯನ್ನು ಇಲ್ಲೇ ಮಣ್ಣು ಮಾಡಿದ ಮೇಲೆ ಹೊಳ್ಳಿ ಹೋಗಲಿಲ್ಲ. ನಮ್ಮ ಓಣಿಯ ಬುದ್ಧವಿಹಾರಕ್ಕೆ ಹತ್ತಿದ ಮನೆಯಲ್ಲಿ ಒಬ್ಬರೇ ಇರುತ್ತಿದ್ದರು. ಹೊತ್ತು ಇಳಿದ ಮೇಲೆ ಮನೆಯ ಮುಂದಿನ ಕಟ್ಟೆಗೆ ಬಂದು ಕೂಡುವರು. ಜುಬ್ಬಾದ ಬಲಗಡೆಯ ಕಿಸೆಯಲ್ಲಿ ಹುರಿದ ಸೇಂಗಾ ಇರುತ್ತಿತ್ತು. ಮಕ್ಕಳು ಸುತ್ತ ಸೇರಿದ ಮೇಲೆ ಅವರ ಮೊದಲ ಮಾತು ದಿನಾ ಒಂದೇ.

"ನಿನ್ನಿ ಎಲ್ಲೀಗಿ ಬಿಟ್ಟಿದ್ದೆ?"

ಸರಿಯಾಗಿ ಹೇಳಿದವರ ಅಂಗೈಗೆ ಸೇಂಗಾ ಬೀಳುತ್ತಿತ್ತು. ನಾನು ಎದುರು ನನ್ನ ಬಾಗಿಲಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತ ಕುಳಿತಿರುತ್ತಿದ್ದೆ. ಎಲ್ಲಿಗೆ ಬಿಟ್ಟಿದ್ದರೆಂಬುದು ನನಗೆ ಗೊತ್ತಿರುತ್ತಿತ್ತು. ಆದರೆ ಮೊಮ್ಮಕ್ಕಳಾದ ಹೆಂಗಸು, ಮಕ್ಕಳ ನಡುವೆ ಕೈ ಎತ್ತುವುದು ಹೇಗೆ. ಸುಮ್ಮನೆ ಜೋಳ ಕೇರುತ್ತಿದ್ದೆ.

ಅವರ ಕಥೆ ಎಲ್ಲಿಂದ ಶುರುವಾದರೂ ಹೋಗಿ ಮುಟ್ಟುವುದು ಗ್ರೀಸಿಗೇ. ಆ ಜನ ಕಥೆಗಳನ್ನು ಬರೆದಿಡುವ ಮೊದಲು ಎಷ್ಟೋ ತಲೆಮಾರು ಬಾಯಲ್ಲೇ ನೆನಪಿಟ್ಟಿದ್ದರು, ಗುಡ್ಡದ ಇಳಿಜಾರಿಗೆ ದುಂಡಗೆ ಕಲ್ಲಿನ ಮೆಟ್ಟಿಲು ಕಡಿದು ಊರಿಗೆ ಊರೇ ಕುಳಿತು ನಾಟಕದ ಆಟ ನೋಡುತ್ತಿತ್ತು ಎಂದೆಲ್ಲ ಹೇಳುವರು. ನನ್ನ ನೆಗೆಣ್ಣಿ ಬಾಯಿ ಜೋರಿನವಳು. ಒಂದು ದಿನ ಕೊಡ ಹೊತ್ತು ಹೋಗುತ್ತ ಅಲ್ಲೇ ನಿಂತು ಕೇಳಿದಳು.

"ಮಾಸ್ತರ್ರ, ನೆಲೋಗಿಯಿಂದ ಗ್ರೀಸಿಗಿ ಬಸ್ ಎಷ್ಟೊತ್ತಿಗಿ ಅದರಿ?"

"ಜೇವರ್ಗಿಗಿ ಹೋಗಿ ಬದಲ್ ಮಾಡ್ರಿ ಅಕ್ಕಾರ. ಸೀಟ್ ಸಿಗತಾವ."

ಅವರ ಮನೆಯ ಗೋಡೆಗೆ ಪೇಪರಿನಿಂದ ಕತ್ತರಿಸಿದ ಒಂದು ಚಿತ್ರ ಅಂಟಿಸಿತ್ತು. ಹಳೆಯ ಕಲ್ಲಿನ ಮೆಟ್ಟಿಲ ಮೇಲೆ ಸಾಲಾಗಿ ಜನ ಕುಳಿತದ್ದು. ಅದು ಹಳೆಯ ಕಾಲದ್ದಲ್ಲ, ಈಗೀಗಿನದೇ. ಕೆಲವು ವರ್ಷದ ಹಿಂದೆ ಆ ದೇಶದಲ್ಲಿ ರೊಕ್ಕದ ವ್ಯವಹಾರ ಪೂರ್ತಿ ಕುಸಿದು ಬಿದ್ದಿತ್ತಂತೆ. ಬ್ಯಾಂಕಿನ ಬಾಗಿಲು ಹಾಕಿದ್ದರಂತೆ. ಮುದುಕರು ಪಿಂಚಣಿಗಾಗಿ ಬಿಸಿಲಲ್ಲಿ ಸಾಲು ನಿಂತಿದ್ದರಂತೆ.

"ಆದ್ರ ಆಟ ನಿಂದ್ರಿಸಲಿಲ್ಲ ನೋಡ್ರಿ," ಎನ್ನುವರು ಮಾಸ್ತರರು. "ಕೆಲವು ಕಡಿ ಟಿಕೇಟಿಗಿ ರೊಕ್ಕ ಬ್ಯಾಡ, ಅಕ್ಕಿನೋ ಎಣ್ಣಿನೋ ತರ್ರಿ ಅಂದ್ರು. ತಂದಿದ್ದು ಹಸದವ್ರಿಗಿ ಹೋಯ್ತು. ಹೊಟ್ಟಿಗಿಲ್ಲದಾಗ ಇದೆಲ್ಲಾ ಯಾಕ ಅಂತ ಅವರೂ ಕೇಳಿರಬೇಕು. ಆದ್ರೂ ಬಂದು ಕುಂತಾರ, ನೋಡ್ರಿ."

ಆಗ ನಾವು ಹೂಂ ಅಂದು ಎದ್ದು ಹೋಗಿದ್ದೆವು. ಕುಸಿದು ಬೀಳುವುದೆಂದರೆ ಏನೆಂದು ನಮಗೆ ತಿಳಿದದ್ದು ಲಾಕ್‌ಡೌನ್ ವರ್ಷ.

ಪುಣೆಗೆ ಹೋಗಿದ್ದವರೆಲ್ಲ ಓಣಿಗೆ ಹೊಳ್ಳಿ ಬಂದರು. ನನ್ನ ಮಗ ಅಲ್ಲಿ ದೊಡ್ಡ ದೊಡ್ಡ ಮನೆಗಳಿಗೆ ನೆಲಕ್ಕೆ ಫರಸಿ ಕಲ್ಲು ಹಾಸುವ ಕೆಲಸ ಮಾಡುತ್ತಿದ್ದ. ಕೈಗಂಟಿದ ಸಿಮೆಂಟು ಉದುರಿಹೋಗಿ ಉಗುರು ಸ್ವಚ್ಛವಾಗಿದ್ದವು. ಅದನ್ನು ನೋಡುವುದೇ ನನಗೆ ಸಂಕಟ. ಅವನ ಮಗಳು, ನನ್ನ ಮೊಮ್ಮಗಳು, ಆಗ ಪಿಯುಸಿ ಎರಡನೇ ವರ್ಷ. ಕಾಲೇಜು ಮುಚ್ಚಿತ್ತು. ಅಷ್ಟರಲ್ಲಿ ಅಫಜಲಪುರದಿಂದ ಒಂದು ಸಂಬಂಧ ಬಂತು. ಮಗ ಹೂಂ ಅಂದುಬಿಟ್ಟ. ತೊಗರಿ ರಾಶಿಯಾದ ಮೇಲೆ ಮದುವೆ ಎಂದು ಮಾತಾಯಿತು.

"ಅಕೀಗಿ ಓದಬೇಕಂತದ," ಎಂದೆ ನಾನು.

"ಎಲ್ಲಿ ಓದಸ್ಲಿ ಯವ್ವ? ನಾ ಹೊಳ್ಳಿ ಪುಣೆ ನೋಡ್ತೇನೋ ಇಲ್ಲೋ ಗೊತ್ತಿಲ್ಲ. ಇದ್ದ ಮನಿಗಿ ಹೋಗಿ ಉಂಡಾಳ. ಇನ್ನ ಈ ಮಾತ ತೆಗೀಬ್ಯಾಡ."

ಅವನು ಕೆಟ್ಟವನಲ್ಲ. ಹೆದರಿದ್ದ. ಹುಡುಗಿ ಅಳಲಿಲ್ಲ, ಜಗಳ ಮಾಡಲಿಲ್ಲ, ತನ್ನ ಪುಸ್ತಕಗಳನ್ನು ಒಂದು ಚೀಲಕ್ಕೆ ಹಾಕಿ ಅಟ್ಟದ ಮೇಲೆ ಇಟ್ಟಳು.

ಕಟ್ಟುನಿಟ್ಟು ಸಡಿಲಾಗಿ ಜನ ಹೊರಗೆ ಓಡಾಡತೊಡಗಿದ ಮೇಲೆ ಒಂದು ದಿನ ಮಾಸ್ತರರು ನನ್ನ ಮಗನನ್ನು ಕರೆದರು.

"ಲೇ ತಮ್ಮ, ಹಳ್ಳದ ದಂಡಿ ನೋಡೀದೇನು? ವಿಹಾರದ ಹಿಂದ ಅದು ದುಂಡಗ ಹೊಳ್ಳತದ. ಅಲ್ಲಿ ಒಡದ ಫರಸಿ ಬಾಳ ಬಿದ್ದಾವ. ಮೆಟ್ಟಲಾ ಕೂಡಸ್ತೀ ಏನು?"

"ಯಾಕ್ರಿ?"

"ಗ್ರೀಸ್ ತರ್ತೇನಿ."

ಮಗ ನಕ್ಕ. ಬಂದ ಮೇಲೆ ಅವನು ನಕ್ಕದ್ದು ಅದೇ ಮೊದಲು. ಓಣಿಯಲ್ಲಿ ಕೆಲಸವಿಲ್ಲದೆ ಕುಳಿತ ಗಂಡಸರು ಬಹಳ ಇದ್ದರು. ಮಣ್ಣು ಕಡಿದು, ನೀರು ಹೊಡೆದು, ಒಡೆದ ಕಲ್ಲಿಗೆ ಒಡೆದ ಕಲ್ಲು ಹೊಂದಿಸಿ ಮೆಟ್ಟಿಲು ಕೂರಿಸಿದರು. ಮಗ ದಾರ ಹಿಡಿದು ಮಟ್ಟ ನೋಡುತ್ತ ಒಂದೊಂದನ್ನೂ ಪುಣೆಯ ಸಾಹುಕಾರನ ಮನೆಯೇನೋ ಎನ್ನುವ ಹಾಗೆ ಹಾಸಿದ. ಉಗುರಿಗೆ ಮತ್ತೆ ಮಣ್ಣು ಹತ್ತಿತು.

ಆಟದ ಕಥೆಯನ್ನು ಮಾಸ್ತರರೇ ಕಟ್ಟಿದರು. "ಕಥಿ ನಂದು, ರೀತಿ ಅವರದು," ಎಂದರು. ಒಂದು ದ್ವೀಪ. ಅಲ್ಲೊಬ್ಬ ಗಡಿಗೆ ಮಾಡುವವನು. ಊರಿಗೆ ಕಷ್ಟ ಬಂದು ಅವನ ಗಡಿಗೆ ಕೊಳ್ಳುವವರಿಲ್ಲ. ಹಡಗಿನ ವ್ಯಾಪಾರಿಯೊಬ್ಬ ಬಂದು, ನಿನ್ನ ಗಡಿಗೆ ಎಲ್ಲಾ ಕೊಳ್ಳುತ್ತೇನೆ, ಮಗಳನ್ನು ಕೊಡು ಎನ್ನುತ್ತಾನೆ. ಅಪ್ಪ ಕೊಡುತ್ತಾನೆ. ಹಡಗು ಹೋಗುತ್ತದೆ. ಅಷ್ಟೇ.

ಆ ಮಗಳ ಪಾತ್ರ ನನ್ನ ಮೊಮ್ಮಗಳಿಗೆ ಬಂತು. ಬೇಕೆಂದೇ ಹಾಗೆ ಮಾಡಿದರೋ ಏನೋ, ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಹೆಂಗಸರಾದ ನಾವು ಮೇಳದವರು. ದ್ವೀಪದ ಊರ ಮಂದಿ. ನಡುನಡುವೆ ಎಲ್ಲರೂ ಕೂಡಿ ಒಂದೇ ದನಿಯಲ್ಲಿ ಮಾತಾಡಬೇಕು. ಮಾಸ್ತರರು ಸುಣ್ಣದಿಂದ ನೆಲದ ಮೇಲೆ ಗೆರೆ ಎಳೆದರು.

"ಮೇಳದವ್ರು ಎಲ್ಲಾ ನೋಡ್ತಾರ. ಬುದ್ಧಿ ಹೇಳ್ತಾರ, ಅಳ್ತಾರ. ಆದ್ರ ಈ ಗೆರಿ ದಾಟಂಗಿಲ್ಲ. ಅವರ ರೀತಿ ಹಂಗದ."

"ಅಲ್ರಿ, ಕಣ್ಣ ಮುಂದ ಹುಡುಗೀನ ಒಯ್ಯಾಕತ್ತಾರ, ನಾವು ಬರೇ ಹಾಡ್ಕೋತ ನಿಂದ್ರಬೇಕೇನ್ರಿ?" ಎಂದಳು ನೆಗೆಣ್ಣಿ.

"ನಿಂದ್ರಬೇಕ್ರಿ ಅಕ್ಕಾರ."

"ಎಂಥಾ ಮಂದಿರಿ ಅವ್ರು."

ಗ್ರೀಸಿನವರು ಮುಖವಾಡ ಹಾಕಿಕೊಂಡೇ ಆಡುತ್ತಿದ್ದರಂತೆ. ನಮ್ಮೆಲ್ಲರ ಮುಖಕ್ಕೂ ಆಗ ಬಟ್ಟೆಯ ಮಾಸ್ಕ್ ಇತ್ತು. ಮೊಮ್ಮಗಳು ಇದ್ದಿಲು ತೇಯ್ದು ಒಬ್ಬೊಬ್ಬರ ಮಾಸ್ಕಿನ ಮೇಲೂ ಬಾಯಿ ಬರೆದಳು. ನನ್ನದಕ್ಕೆ ಕೆಳಗೆ ಬಾಗಿದ ಅಳುವ ಬಾಯಿ. ನೆಗೆಣ್ಣಿ ತನಗೆ ಹಲ್ಲೂ ಬೇಕೆಂದು ಹಟ ಹಿಡಿದು ಬರೆಸಿಕೊಂಡಳು.

ಟಿಕೇಟು ಒಂದು ಬೊಗಸೆ ಜೋಳ. ಮೆಟ್ಟಿಲು ಇಳಿಯುವಲ್ಲಿ ದೊಡ್ಡ ಗಡಿಗೆ ಇಟ್ಟು ಅದರ ಬಾಯಿಗೆ ಮಾಸ್ತರರು ತಮ್ಮ ಟವಲು ಹೊದಿಸಿದರು. ಎಲ್ಲರೂ ಟವಲಿನ ಕೆಳಗೆ ಕೈ ಹಾಕಿಯೇ ಬರಬೇಕು, ಹಾಕಿಯೇ ಹೋಗಬೇಕು. ಇದ್ದವರು ಬಿಡುತ್ತಾರೆ, ಇಲ್ಲದವರು ತೆಗೆದುಕೊಳ್ಳುತ್ತಾರೆ. ಯಾರ ಕೈ ಏನು ಮಾಡಿತೆಂದು ಯಾರಿಗೂ ಕಾಣಬಾರದು. ಹೋಗುವಾಗ ಕೆಲವರ ಸೆರಗಿನ ತುದಿ ಭಾರವಾಗಿತ್ತು. ಅತ್ತ ನಾವು ನೋಡಲಿಲ್ಲ.

ಆಟದ ದಿನ ಬಿಸಿಲು ಹಳದಿಯಾಗಿತ್ತು. ಓಣಿ ತುಂಬ ಜನ ದೂರ ದೂರ ಕುಳಿತಿದ್ದರು. ಮಗ ತಾನೇ ಹಾಸಿದ ಮೇಲಿನ ಮೆಟ್ಟಿಲ ಮೇಲೆ, ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದ. ಗಡಿಗೆ ಮಾಡುವವನ ಪಾತ್ರಕ್ಕೆ ಮಾಸ್ತರರು ಮೊದಲು ಅವನನ್ನೇ ಕೇಳಿದ್ದರು, ಅವನು ಒಲ್ಲೆ ಅಂದಿದ್ದ. ಹಾಲು ಮಾರುವವನು ಆ ಪಾತ್ರ ಮಾಡಿದ.

ಎಲ್ಲ ಸರಿಯಾಗಿಯೇ ನಡೆಯಿತು. ವ್ಯಾಪಾರಿ ಬಂದ. ಗಡಿಗೆ ಬಡಿದು ಬಡಿದು ನೋಡಿದ. ಆಮೇಲೆ ಹುಡುಗಿಯನ್ನೂ ಹಾಗೇ ನೋಡಿದ. ಅಪ್ಪ ಅವಳ ಕೈ ಅವನ ಕೈಯಲ್ಲಿಟ್ಟ. ಮೊಮ್ಮಗಳಿಗೆ ಅಲ್ಲಿ ಮಾತಿರಲಿಲ್ಲ. ಮಾಸ್ಕಿನ ಮೇಲೆ ಕಣ್ಣು ಮಾತ್ರ ಕಾಣುತ್ತಿದ್ದವು. ಮನೆಯಲ್ಲಿ ಪುಸ್ತಕದ ಚೀಲ ಅಟ್ಟಕ್ಕೆ ಏರಿಸುವಾಗಲೂ ಅವೇ ಕಣ್ಣು.

ನಾವು ಮೇಳದವರು ಅಳುವ ಹಾಡು ಶುರು ಮಾಡಬೇಕಿತ್ತು. ಹಾಡು ಏಳಲಿಲ್ಲ. ನೋಡಿದರೆ ನೆಗೆಣ್ಣಿ ಸೀರೆ ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸುತ್ತಿದ್ದಾಳೆ. ಸುಣ್ಣದ ಗೆರೆ ದಾಟಿ ಸೀದಾ ಹೋಗಿ ಹುಡುಗಿಯ ರಟ್ಟೆ ಹಿಡಿದಳು.

"ಏ ಹಡಗಿನಂವ, ಕೈ ಬಿಡು. ಬೇಕಾದ್ರ ಗಡಿಗಿ ತಗೊಂಡು ಹೋಗು, ಇಲ್ಲಂದ್ರ ಬರಿಗೈಲೆ ಹೋಗು. ಹುಡುಗಿ ಎಲ್ಲೀಗೂ ಬರಂಗಿಲ್ಲ."

ವ್ಯಾಪಾರಿಯಾದವನು ಅವಳ ಅಳಿಯನೇ. ಕೈ ಬಿಟ್ಟು ನಿಂತ. "ಅತ್ತಿ, ಇದು ಕಥ್ಯಾಗ ಇಲ್ಲ," ಎಂದು ಸಣ್ಣಗೆ ಅಂದ.

"ಇಲ್ಲಂದ್ರ ಈಗ ಹಾಕ್ಕೋ."

ಅಷ್ಟೊತ್ತಿಗೆ ನನ್ನ ಕಾಲೂ ಗೆರೆ ದಾಟಿತ್ತು. ಉಳಿದವರೂ ಬಂದರು. ಹುಡುಗಿಯನ್ನು ನಡುವೆ ಹಾಕಿಕೊಂಡು ನಿಂತೆವು. ಮೆಟ್ಟಿಲ ಮೇಲಿನ ಮಂದಿ ಮೊದಲು ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಒಬ್ಬೊಬ್ಬರೇ ಸುಮ್ಮನಾದರು. ಹುಡುಗಿ ನಿಜವಾಗಿ ಅಳುತ್ತಿದ್ದಳು. ಇದ್ದಿಲಿನ ಬಾಯಿ ತೊಯ್ದು ಕರಗಿ ಕೆಳಗೆ ಇಳಿಯುತ್ತಿತ್ತು.

ನಾನು ಮಾಸ್ತರರ ಹುಬ್ಬು ನೋಡಿದೆ. ಅದು ಎದ್ದಿತ್ತು. ಇಷ್ಟು ದಿನದ ಅವರ ದುಡಿಮೆ ಕೆಡಿಸಿದೆವಲ್ಲ, ಬೈಯುತ್ತಾರೆಂದುಕೊಂಡೆ. ಅವರು ಕೆಳಗಿನ ಮೆಟ್ಟಿಲ ಮೇಲೆ ಕುಳಿತು ಕೆಮ್ಮು ಬರುವ ತನಕ ನಕ್ಕರು. ಕಣ್ಣೊರೆಸಿಕೊಂಡು ಅಂದರು.

"ಎರಡೂವರಿ ಸಾವಿರ ವರ್ಷದಿಂದ ಮೇಳದವ್ರು ನಿಂತಲ್ಲೇ ನಿಂತಿದ್ರು. ನಮ್ಮ ಓಣಿಯವ್ರು ನಡದ್ರು."

ಎಲ್ಲರೂ ಎದ್ದು ಹೋದ ಮೇಲೂ ಮಗ ತನ್ನ ಮೆಟ್ಟಿಲ ಮೇಲೇ ಇದ್ದ, ಅಂಗೈಯಿಂದ ಕಲ್ಲು ಸವರುತ್ತ. ಮರುದಿನ ರೊಟ್ಟಿ ತಿನ್ನುವಾಗ ತಲೆ ಎತ್ತದೆಯೇ ಹೇಳಿದ.

"ಅಫಜಲಪುರದವ್ರಿಗಿ ಫೋನ್ ಮಾಡೀನಿ. ಈಗ ಬ್ಯಾಡ್ರಿ ಅಂದೀನಿ."

ನನ್ನ ಕೈಯಲ್ಲಿದ್ದ ಪಲ್ಯದ ಸೌಟು ಅಲ್ಲೇ ನಿಂತಿತು. "ಅವ್ರು ಏನಂದ್ರು?"

"ಬೈದ್ರು. ಬೈಲಿ. ಅವರಿಗಿ ಹೆದರಿ ಕೂತ್ರ ಕಾಕಿ ಸೀರಿ ಸಿಕ್ಕಿಸ್ಕೊಂಡು ನನ್ನ ಮ್ಯಾಲೇ ಬರ್ತಾಳ." ಕಾಕಿ ಎಂದರೆ ನನ್ನ ನೆಗೆಣ್ಣಿ. ಆಮೇಲೆ ಮಗಳ ಕಡೆ ತಿರುಗಿ, "ಅಟ್ಟದ ಮ್ಯಾಲಿನ ಚೀಲಾ ಇಳಸ್ಲೇನು?" ಎಂದ.

ಅವನು ಪುಣೆಗೆ ಹೊಳ್ಳಿ ಹೋಗುವುದು ತಡವಾಯಿತು. ಅಲ್ಲಿಯ ತನಕ ಒಂದು ಹೊತ್ತಿನದು ಎರಡು ಹೊತ್ತಿಗೆ ಹಂಚಿಕೊಂಡು ಉಂಡೆವು. ಆಟ ಮುಗಿದ ಮೇಲೂ ಅಲ್ಲೇ ಉಳಿದಿದ್ದ ಗಡಿಗೆಯ ಟವಲಿನ ಕೆಳಗೆ ನಾವೂ ಕೈ ಹಾಕಿದೆವು. ಹುಡುಗಿ ಪಿಯುಸಿ ಮುಗಿಸಿದಳು, ಜೇವರ್ಗಿಗೆ ಬಸ್ಸಿನಲ್ಲಿ ಓಡಾಡಿ ಬಿ.ಎ. ಮುಗಿಸಿದಳು.

ಕಡೆಕಡೆಗೆ ಮಾಸ್ತರರಿಗೆ ನೆನಪು ಜಾರತೊಡಗಿತು. ಉಂಡದ್ದು ಮರೆಯುವರು. ನನ್ನನ್ನು ನೋಡಿ, ಯಾರ್ರಿ ಎನ್ನುವರು. ಕಟ್ಟೆಯ ಮೇಲೆ ಕೂಡುವುದು ಬಿಡಲಿಲ್ಲ. "ನಿನ್ನಿ ಎಲ್ಲೀಗಿ ಬಿಟ್ಟಿದ್ದೆ?" ಎಂದು ಕೇಳುವುದೂ ಬಿಡಲಿಲ್ಲ. ಮೊದಲು ಪರೀಕ್ಷೆಗೆ ಕೇಳುತ್ತಿದ್ದರು, ಈಗ ತಿಳಿಯದೆ ಕೇಳುತ್ತಿದ್ದರು. ಮೊಮ್ಮಗಳು ಕಾಲೇಜಿನಿಂದ ಬಂದವಳೇ ಅವರ ಬದಿಗೆ ಕೂತು ಅವರ ಕಥೆಯನ್ನೇ ಅವರಿಗೆ ಹೇಳುವಳು. ಹಡಗಿನವನು ಬಂದಾಗ ಅವರ ಹುಬ್ಬು ಏಳುವುದು. ಹೆಂಗಸರು ಗೆರೆ ದಾಟುವಲ್ಲಿ ಪ್ರತಿ ಸಲವೂ ಹೊಸದಾಗಿ ಕೇಳಿದವರ ಹಾಗೆ ನಗುವರು. ಕಿಸೆಯಿಂದ ಸೇಂಗಾ ತೆಗೆದು ಅವಳ ಅಂಗೈಗೆ ಹಾಕುವರು. ಅದನ್ನು ಮಾತ್ರ ಮರೆಯಲಿಲ್ಲ. ಹೀಗೇ ಒಂದು ಬೆಳಿಗ್ಗೆ ಏಳಲಿಲ್ಲ. ಹೆಂಡತಿಯ ಮಗ್ಗುಲಿಗೇ ಅವರನ್ನು ಮಲಗಿಸಿ ಬಂದೆವು.

ಈಗ ನನ್ನ ಸಂತೋಷದ ಮಾತು. ಮೊಮ್ಮಗಳು ಬಿ.ಎಡ್. ಓದುತ್ತಿದ್ದಾಳೆ. ಪಾಠ ಹೇಳಿ ರೂಢಿ ಮಾಡಿಕೊಳ್ಳಲು ಅವಳನ್ನು ಯಡ್ರಾಮಿಯ ಒಂದು ಶಾಲೆಗೆ ಹಾಕಿದ್ದಾರೆ. ಗ್ರೀಸಿನ ಪಾಠ ಬಂತು. ಮೊದಲ ದಿನ ಪಾಠದ ಜೊತೆಗೆ ಮಾಸ್ತರರ ಕಥೆ ಅರ್ಧ ಹೇಳಿ ಬಂದಳಂತೆ. ಆ ಸಂಜೆ ಮನೆಯಲ್ಲಿ ನನಗೂ ಅಷ್ಟೇ ಹೇಳಿ ನಿಲ್ಲಿಸಿದಳು. "ಉಳದಿದ್ದು ನಾಳಿ. ನೀನೂ ಬಾ ಆಯಿ, ದೊಡ್ಡ ಮೇಡಂನ್ನ ಕೇಳೀನಿ," ಎಂದಳು.

ಜೇವರ್ಗಿಯಲ್ಲಿ ಬಸ್ ಬದಲು ಮಾಡಿ ಹೋದೆವು. ಗ್ರೀಸಿಗೆ ದಾರಿ ಅದೇ ಎಂದು ಮಾಸ್ತರರು ಹೇಳಿದ್ದು ನೆನಪಾಗಿ ಬಸ್ಸಿನಲ್ಲಿ ಒಬ್ಬಳೇ ನಕ್ಕೆ. ಹಿಂದಿನ ಬೆಂಚಿನ ಮೇಲೆ ಹುಡುಗಿಯರ ನಡುವೆ ನನ್ನನ್ನು ಕೂರಿಸಿದರು. ಬೆಂಚಿನ ಮೇಲೆ ನಾನು ಕುಳಿತು ಎಷ್ಟು ಕಾಲವಾಗಿತ್ತು. ಇಸ್ತ್ರಿ ಮಾಡಿದ ಸೀರೆ ಉಟ್ಟು ನನ್ನ ಮೊಮ್ಮಗಳು ಒಳಗೆ ಬಂದಳು. ಮಕ್ಕಳು ಎದ್ದು ನಿಂತವು. ನಾನೂ ನಿಂತೆ.

ಅವಳು ಹಲಗೆಗೆ ಬೆನ್ನು ಮಾಡಿ ನಿಂತು ಎಲ್ಲರನ್ನೂ ನೋಡಿದಳು.

"ನಿನ್ನಿ ಎಲ್ಲೀಗಿ ಬಿಟ್ಟಿದ್ದೆ?"

ಮಕ್ಕಳು ಮುಖ ಮುಖ ನೋಡಿಕೊಂಡವು. ನನ್ನ ಕೈ ತಾನೇ ಮೇಲೆ ಹೋಯಿತು.

"ಹೇಳ್ರಿ," ಎಂದಳು ಅವಳು. ನನಗೆ, ರೀ ಹಚ್ಚಿ.

ನಾನು ಎದ್ದು ನಿಂತು ಹೇಳಿದೆ. "ಹಡಗಿನಂವ ಹುಡುಗಿ ಕೈ ಹಿಡದಾನ. ಮೇಳದವ್ರು ಗೆರಿ ಮ್ಯಾಲ ನಿಂತಾರ್ರಿ."

ಅವಳು ಬೆಂಚುಗಳ ನಡುವೆ ನಡೆದು ನನ್ನ ತನಕ ಬಂದು, ಬ್ಯಾಗಿನಿಂದ ಹುರಿದ ಸೇಂಗಾ ತೆಗೆದು ನನ್ನ ಅಂಗೈ ತುಂಬ ಹಾಕಿದಳು. ಆಮೇಲೆ ಮುಂದಕ್ಕೆ ಹೋಗಿ ಉಳಿದ ಕಥೆ ಹೇಳಿದಳು.

ಅರ್ಧ ಅಲ್ಲೇ ತಿಂದೆ. ಇನ್ನರ್ಧ ಸೆರಗಿನ ತುದಿಗೆ ಕಟ್ಟಿಕೊಂಡು ಊರಿಗೆ ಬಂದು, ಮಾಸ್ತರರ ಕಟ್ಟೆಯ ಮೇಲೆ ಅವರು ಕೂಡುತ್ತಿದ್ದ ಜಾಗದಲ್ಲಿ ಇಟ್ಟೆ.