ಹಳದಿ ಆಕಾಶದ ಮುಖಪುಟ

ನಾವು ಮೂವರು ಹೈಸ್ಕೂಲಿನಲ್ಲಿ ಒಂದೇ ತರಗತಿಯಲ್ಲಿದ್ದವರು. ಒಬ್ಬನ ಮನೆಯವರು ತಲೆಮಾರುಗಳಿಂದ ಕಡಲಿಗೆ ಹೋಗುವವರು. ಅವನು ಮಾತ್ರ ದೋಣಿ ಹತ್ತದೆ ತೊಕ್ಕೊಟ್ಟಿನ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನರ್ ಆದ. ಇನ್ನೊಬ್ಬಳು ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಮನೆಯವಳು. ಗಲ್ಫಿನಲ್ಲಿ ನರ್ಸ್ ಆಗಿದ್ದು, ಈಗ ಊರಿಗೆ ಮರಳಿ ಕೊಟ್ಟಾರದಲ್ಲಿ ಫ್ಲ್ಯಾಟ್ ಮಾಡಿದ್ದಾಳೆ. ನಾನು ವಾಮಂಜೂರಿನ ಕಾಲೇಜೊಂದರಲ್ಲಿ ಲ್ಯಾಬ್ ನೋಡಿಕೊಳ್ಳುತ್ತೇನೆ.

ನಡುವಯಸ್ಸಿನಲ್ಲೂ ನಮ್ಮನ್ನು ಸೇರಿಸುತ್ತಿದ್ದದ್ದು ಕಾಮಿಕ್ಸ್. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಅವಳ ಫ್ಲ್ಯಾಟಿನಲ್ಲಿ ಸೇರುತ್ತಿದ್ದೆವು. ಬೇರೆ ವಿಷಯಕ್ಕೆಲ್ಲ ತುಳು. ಕಾಮಿಕ್ಸಿನ ಮಾತು ಬಂದರೆ ಮಾತ್ರ ತಾನಾಗಿಯೇ ಕನ್ನಡ, ಏಕೆಂದರೆ ಅವನ್ನು ಓದಿದ್ದು ಕನ್ನಡದಲ್ಲಿ. ಒಳಗಿನ ಕತೆಗಿಂತ ಮುಖಪುಟದ ಬಗ್ಗೆಯೇ ನಮ್ಮ ವಾದ ಹೆಚ್ಚು. ಆ ಚಟ ಹತ್ತಿಸಿದವನು ಡಿಸೈನರ್ ಆದ ಗೆಳೆಯನೇ. ಶಾಲೆಯಲ್ಲಿ ಗಣಿತದ ಮಾಸ್ಟ್ರು ತಡವಾಗಿ ಬಂದ ದಿನ ಕರಿಹಲಗೆಯ ತುಂಬ ಮುಖಪುಟ ಬಿಡಿಸುತ್ತಿದ್ದ. ಒಮ್ಮೆ ಮಾಸ್ಟ್ರು ಬಾಗಿಲಲ್ಲೇ ನಿಂತು ನೋಡಿದರು. ಬೈಯಲಿಲ್ಲ. ಆ ದಿನ ಹಲಗೆಯ ಒಂದು ಮೂಲೆಯಲ್ಲಷ್ಟೇ ಲೆಕ್ಕ ಬರೆದು ಪಾಠ ಮಾಡಿದರು.

ಕಳೆದ ಮಳೆಗಾಲಕ್ಕೆ ಸ್ವಲ್ಪ ಮುಂಚೆ ಅವಳು ಗುಜರಿ ಅಂಗಡಿಯಿಂದ ಹಳೆಯ ಕಾಮಿಕ್ಸಿನ ಕಟ್ಟೊಂದನ್ನು ತಂದಿದ್ದಳು. ಅದರಲ್ಲಿ ನಾವು ಶಾಲೆಯಲ್ಲಿ ಕೈಯಿಂದ ಕೈಗೆ ದಾಟಿಸಿ ಹರಿದುಹಾಕಿದ್ದ ಸಂಚಿಕೆಯೂ ಇತ್ತು. ಮುಳುಗುವ ಹಡಗು, ಹಿಂದೆ ಅರಸಿನದಂಥ ಹಳದಿ ಆಕಾಶ. ಅದು ಸಿಕ್ಕಿತೆಂದು ಅವಳು ಹೇಳುತ್ತಿದ್ದಂತೆ ಅವನು ಕಟ್ಟಿನ ಮೇಲಿದ್ದ ಪುಸ್ತಕವನ್ನು ಎತ್ತಿಕೊಂಡು ಶುರು ಮಾಡಿದ. ಈ ಹಳದಿ ಈಗ ಯಾರೂ ಹಾಕುವುದಿಲ್ಲ, ಕಂಪ್ಯೂಟರಿನಲ್ಲಿ ಇದು ಬರುವುದೇ ಇಲ್ಲ ಎಂದು ಹೇಳುತ್ತ ಬೆರಳಿನಿಂದ ಮುಖಪುಟವನ್ನು ಸವರಿದ.

ಅವನ ಕೈಯಲ್ಲಿದ್ದದ್ದು ಬೇರೆ ಸಂಚಿಕೆ. ಅದರಲ್ಲಿ ಹಡಗೂ ಇರಲಿಲ್ಲ, ಹಳದಿಯೂ ಇರಲಿಲ್ಲ. ಹಸಿರು ಕಾಡು ಮತ್ತು ಒಂದು ಆನೆ. ತಮಾಷೆ ಮಾಡುತ್ತಿದ್ದಾನೆಂದು ನಾನು ನಕ್ಕೆ. ಅವಳು ನಗಲಿಲ್ಲ.

ಆಮೇಲೆ ಅವಳು ಗಲ್ಫಿನಿಂದ ತಂದಿದ್ದ ಬೋರ್ಡ್ ಗೇಮ್ ಹರಡಿದೆವು. ಬಣ್ಣದ ಮರದ ಕಾಯಿಗಳನ್ನು ನಡೆಸಿ ಊರು ಕಟ್ಟುವ ಆಟ. ಅವನದು ಹಸಿರು, ಅವಳದು ಕಂದು. ಅವನು ಅವಳ ಕಾಯಿಯನ್ನು ಎತ್ತಿ ನಡೆಸಿದ. ಹೇಳಿದಾಗ ಸಾರಿ ಎಂದು ವಾಪಸ್ ಇಟ್ಟ. ಸ್ವಲ್ಪ ಹೊತ್ತಿನಲ್ಲಿ ಮತ್ತೆ ಹಾಗೇ ಮಾಡಿದ. ಅವಳು ಡೈಸನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಕೇಳಿದಳು.

"ಎಷ್ಟು ಸಮಯ ಆಯ್ತು ಕಣ್ಣು ಹೀಗಾಗಿ?"

ಎಂತದೂ ಇಲ್ಲ, ಕನ್ನಡಕ ಬದಲಿಸಬೇಕು, ಅಷ್ಟೆ ಎಂದ. ಅವಳು ಬಿಡಲಿಲ್ಲ. ಕೊನೆಗೆ ತಲೆ ತಗ್ಗಿಸಿ ಹೇಳಿದ: "ನಡುವಲ್ಲಿ ಒಂದು ಕಪ್ಪು ಉಂಟು. ಹೊಗೆಯ ಹಾಗೆ. ಅಂಗಡಿಯಲ್ಲಿ ಸ್ಕ್ರೀನ್ ದೊಡ್ಡದು ಮಾಡಿ ಹೇಗೋ ಸುಧಾರಿಸ್ತೇನೆ. ಮನೆಯಲ್ಲಿ ಹೇಳ್ಬೇಡಿ ಮಾರಾಯ್ರೆ."

ಅವನಿಗೆ ಶುಗರ್ ಇದ್ದದ್ದು ನಮಗೆ ಗೊತ್ತಿತ್ತು, ಔಷಧಿ ಬಿಟ್ಟದ್ದು ಗೊತ್ತಿರಲಿಲ್ಲ. ನನ್ನನ್ನು ಹೆದರಿಸಿದ್ದು ಬೇರೊಂದು ವಿಷಯ. ಆ ಕಣ್ಣಿಟ್ಟುಕೊಂಡೇ ಅವನು ಆ ದಿನವೂ ಲಾರಿಗಳ ನಡುವೆ ನೇತ್ರಾವತಿ ಸೇತುವೆ ದಾಟಿ ಸ್ಕೂಟರಿನಲ್ಲಿ ಬಂದಿದ್ದ. ದಿನಾ ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಡುವುದೂ ಅದರಲ್ಲೇ. ಅವಳು ಕೈಚಾಚಿ ಕೀ ಕೇಳಿದಳು. ಅವನು ಸಿಟ್ಟಿನಿಂದ ಎದ್ದುನಿಂತ.

"ಚಿತ್ರ ಬಿಟ್ಟರೆ ನನಗೆ ಬೇರೆ ಎಂತ ಬರ್ತದೆ? ನೀನೇ ಹೇಳು."

ಅವಳ ಚಾಚಿದ ಕೈ ಹಾಗೇ ಇತ್ತು. ಅವನು ಕೀಯನ್ನು ಅವಳಿಗೆ ಕೊಡದೆ ನನ್ನ ಮುಂದೆ ಎಸೆದು ಮೆಟ್ಟಿಲಿಳಿದ.

ಅವನನ್ನು ಹಿಂದೆ ಕೂರಿಸಿಕೊಂಡು ಸ್ಕೂಟರ್ ನಾನು ಬಿಟ್ಟೆ. ಸೇತುವೆಯ ಮೇಲೆ ಗಾಳಿಗೆ ಅವನು ನನ್ನ ಭುಜ ಹಿಡಿದುಕೊಂಡ. ಮನೆ ಹತ್ತಿರವಾದಾಗ, ಹೇಳುತ್ತೀಯಾ ಎಂದು ಕೇಳಿದ. ನೀನು ಹೇಳದಿದ್ದರೆ ಹೇಳುತ್ತೇನೆ ಎಂದೆ. ಅಂಗಳದಲ್ಲಿ ಇಳಿದವನು ಸೀದಾ ಒಳಗೆ ಹೋದ. ನಾನು ಜಗಲಿಯಲ್ಲಿ ನಿಂತು ಅವನ ಹೆಂಡತಿಗೆ ಎಲ್ಲ ಹೇಳಿದೆ. ಅವರು ಗಾಬರಿಯಾಗಲಿಲ್ಲ. ಮೀನಿನ ಮುಳ್ಳನ್ನು ಅವನು ಈಚೆಗೆ ಬೆರಳಿನಲ್ಲಿ ತಡವಿ ತೆಗೆಯುತ್ತಿದ್ದನಂತೆ.

"ನನಗೆ ಕೇಳ್ಲಿಕ್ಕೆ ಹೆದರಿಕೆ ಆಗ್ತಿತ್ತು ಅಣ್ಣ," ಎಂದರು. "ಕೇಳಿದರೆ ನಿಜ ಆಗಿಬಿಡ್ತದಲ್ಲ."

ಆಸ್ಪತ್ರೆಗೆ ಅವರ ಜೊತೆ ಹೋದದ್ದು ನಮ್ಮ ನರ್ಸ್ ಗೆಳತಿ. ಕಣ್ಣಿನ ಹಿಂದಿನ ಪರದೆಯಲ್ಲಿ ರಕ್ತ ಸೋರಿತ್ತು. ಎಡಗಣ್ಣಿಗೆ ತಡವಾಗಿದೆ, ಬಲಗಣ್ಣಿಗೆ ಲೇಸರ್ ಮಾಡಿ ನೋಡೋಣ ಎಂದರು ಡಾಕ್ಟರು. ಅಂಗಡಿಯ ಧಣಿ ಅವನನ್ನು ಕೆಲಸದಿಂದ ತೆಗೆಯಲಿಲ್ಲ, ಕೌಂಟರಿನಲ್ಲಿ ಆರ್ಡರ್ ತೆಗೆದುಕೊಳ್ಳಲು ಕೂರಿಸಿದರು. ಅವನ ಕಂಪ್ಯೂಟರಿನ ಮುಂದೆ ಹೊಸಬನೊಬ್ಬ ಬಂದ. ಇದೆಲ್ಲ ನನಗೆ ಅವಳಿಂದ ತಿಳಿದದ್ದು. ಮಳೆಗಾಲ ಮುಗಿಯುವ ತನಕ ಅವನು ನನ್ನ ಫೋನ್ ಎತ್ತಲೇ ಇಲ್ಲ. ಮಾಡಿದ್ದು ಸರಿಯೆಂದು ನನಗೆ ಗೊತ್ತಿತ್ತು. ಅದರಿಂದ ನಿದ್ದೆಯೇನೂ ಬರಲಿಲ್ಲ.

ಮಳೆ ನಿಂತ ಮೇಲಿನ ಒಂದು ಭಾನುವಾರ ಅವನು ಹೆಂಡತಿಯೊಂದಿಗೆ ಬಸ್ಸಿನಲ್ಲಿ ಬಂದ. ಕಾಮಿಕ್ಸ್ ಹೊರಗೆ ತೆಗೆಯಬೇಕೋ ಬೇಡವೋ ತಿಳಿಯದೆ ನಾವಿಬ್ಬರೂ ಚಹಾದ ಲೋಟ ಹಿಡಿದು ಕೂತಿದ್ದೆವು. ಅವನು ನನ್ನ ಕಡೆ ತಿರುಗಿದ.

"ಸಿಟ್ಟು ಹೋಗ್ಲಿಲ್ಲ ನಿನ್ನ ಮೇಲೆ. ಬಾರದೆ ಇರ್ಲಿಕ್ಕೂ ಆಗುದಿಲ್ಲ." ಆಮೇಲೆ ದನಿ ತಗ್ಗಿಸಿ, "ಬಲದ್ದು ಎಷ್ಟು ಸಮಯ ಇರ್ತದೆ ಅಂತ ಡಾಕ್ಟ್ರಿಗೂ ಗೊತ್ತಿಲ್ಲಂತೆ. ಇರುವುದನ್ನೆಲ್ಲ ತೆಗೀರಿ. ನೋಡಿ ಮುಗಿಸ್ತೇನೆ," ಎಂದ.

ಅವಳು ಕಪಾಟು ತೆರೆದಳು. ಈಗ ಭಾನುವಾರ ಬಂದರೂ ಅವನು ಆಟಕ್ಕೆ ಕೂರುವುದಿಲ್ಲ. ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು, ಪುಸ್ತಕವನ್ನು ಬಲಗಣ್ಣಿನ ಹತ್ತಿರಕ್ಕೆ ತಂದು, ಒಂದೊಂದೇ ಮುಖಪುಟವನ್ನು ಮೂಲೆಯಿಂದ ಮೂಲೆಗೆ ನೋಡುತ್ತಾನೆ. ನಾವು ವಾದ ಮಾಡುವುದಿಲ್ಲ. ಅವನು ಇದಾಯಿತು ಎಂದಾಗ ಮುಂದಿನದನ್ನು ಕೈಗೆ ಕೊಡುತ್ತೇವೆ.